ವೆರಾಕ್ರೂಸಿನಲ್ಲಿ ನಿಂತು ಕುಣಿದದ್ದು

ವಿಜಯಪುರ

೧೯೭೨ನೆಯ ಇಸವಿಯಲ್ಲಿ ನನಗೆ ನಲವತ್ತಾರು ವರ್ಷ. ಹದಿನೆಂಟು ವರ್ಷ ಕನ್ನಡ ಪಂಡಿತನಾಗಿ ಪಾಠ ಹೇಳಿ, ಮಾವನವರ ಕಣ್ಣು ಮಂಜಾದ ಮೇಲೆ ಅವರ ರೇಷ್ಮೆ ನೂಲು ಹುರಿಗೊಳಿಸುವ ಯಂತ್ರಗಳನ್ನು ನೋಡಿಕೊಳ್ಳುವ ಸಲುವಾಗಿ ಶಾಲೆಯನ್ನು ಬಿಟ್ಟು, ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನೆಲೆಸಿದ್ದೆ. ಪಾಠ ಹೇಳುವುದು ನಿಂತಿತ್ತು, ತಿದ್ದುವುದು ನಿಂತಿರಲಿಲ್ಲ. ಅಂಗಡಿಯ ಹಲಗೆಯ ಮೇಲಿನ ಒತ್ತಕ್ಷರವನ್ನೂ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರನ್ನೂ ನಿಂತು ಪರೀಕ್ಷಿಸುವ ಅಭ್ಯಾಸ ನನ್ನೊಡನೆಯೇ ಉಳಿದಿತ್ತು.

ನನ್ನ ತಮ್ಮ ಪುಟ್ಟರಾಜು ನನಗಿಂತ ಹದಿನಾರು ವರ್ಷ ಚಿಕ್ಕವನು. ತಂದೆ ತೀರಿಕೊಂಡಾಗ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಅವನನ್ನು ಓದಿಸಿದವನು ನಾನು. ಬೆಂಗಳೂರಿನಲ್ಲಿ ಕೃಷಿವಿಜ್ಞಾನ ಮುಗಿಸಿ, ಗೋಧಿಯ ತಳಿಗಳ ಕೆಲಸಕ್ಕೆಂದು ಮೆಕ್ಸಿಕೋ ದೇಶಕ್ಕೆ ಹೋಗಿದ್ದ. ಮೂರನೆಯ ವರ್ಷ ಅವನಿಂದ ಒಂದು ಕಾಗದ ಬಂತು. ತನ್ನ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡುವ, ವೆರಾಕ್ರೂಸ್ ಎಂಬ ಬಂದರಿನ ಹುಡುಗಿ ಎಲೆನಾಳನ್ನು ಮದುವೆಯಾಗಬೇಕೆಂದಿದ್ದಾನೆ, ಅಣ್ಣಯ್ಯ ಬಂದು ನೋಡಿ ಒಪ್ಪಿದರೆ ಮಾತ್ರ ಆಗುತ್ತಾನೆ, ಒಪ್ಪದಿದ್ದರೆ ಆಗುವುದಿಲ್ಲ, ಬೇರೆ ಯಾರನ್ನೂ ಆಗುವುದೂ ಇಲ್ಲ.

ಕುಂದಾಣದಲ್ಲಿ ನಮ್ಮ ಬೇಸಾಯವನ್ನು ತಾನೇ ನಡೆಸುತ್ತಿದ್ದ ಅವ್ವನಿಗೆ ಇದನ್ನು ಓದಿ ಹೇಳಿದೆ. ಅವ್ವ ರಾಗಿ ಕೇರುತ್ತಿದ್ದವಳು ಮೊರವನ್ನು ಕೆಳಗಿಡಲಿಲ್ಲ.

“ಸಾಕ್ದೋನು ನೀನು. ನೀನೇ ಹೋಗಿ ನೋಡ್ಕೊಂಡು ಬಾ. ಹೆಣ್ಣು ನೋಡಕ್ಕೆ ಅಂತ ಹೊಸಕೋಟೆಗೂ ಹೋಗ್ತೀವಿ, ನಂದಗುಡಿಗೂ ಹೋಗ್ತೀವಿ. ಇದು ಒಸಿ ದೂರ, ಅಷ್ಟೇಯ.”

“ಜಾತಿ ಬೇರೆ, ದೇಶ ಬೇರೆ, ಮಾತು ಬೇರೆ ಕಣವ್ವ.”

“ಅದನ್ನೇ ನೋಡ್ಕೊಂಡು ಬಾ ಅಂದಿದ್ದು. ನೋಡ್ದೇನೆ ಹೇಳೋದಾದ್ರೆ ನಾನೇ ಹೇಳ್ತಿರ್ಲಿಲ್ವಾ.”

ತಮ್ಮ ಟಿಕೆಟ್ಟು ಕಳುಹಿಸಿದ. ನನ್ನ ಹೆಂಡತಿ ಜಯಮ್ಮ ಹುರಿಹಿಟ್ಟು, ಚಟ್ನಿಪುಡಿಗಳನ್ನು ಕಟ್ಟಿಕೊಟ್ಟು, “ಅಲ್ಲಿ ಹೋಗಿ ಯಾರ್ನೂ ತಿದ್ದಬೇಡಿ” ಎಂದಷ್ಟೇ ಹೇಳಿದಳು.

ವೆರಾಕ್ರೂಸ್: ನಮಸ್ಕಾರ

ವಿಮಾನಗಳ ವಿಷಯವನ್ನು ಬರೆಯುವುದಿಲ್ಲ. ಅವುಗಳಲ್ಲಿ ಕುಳಿತಿರುವುದಲ್ಲದೆ ನಾನು ಮಾಡಿದ್ದು ಏನೂ ಇಲ್ಲ. ಮೆಕ್ಸಿಕೋ ನಗರದಲ್ಲಿ ಪುಟ್ಟರಾಜು ನನ್ನನ್ನು ಎದುರುಗೊಂಡ. ಅಲ್ಲಿಂದ ಬಸ್ಸಿನಲ್ಲಿ ಬೆಟ್ಟಗಳನ್ನಿಳಿದು ಸಮುದ್ರದ ದಡಕ್ಕೆ ಬಂದೆವು. ಅವರ ಬಸ್ಸಿನಲ್ಲಿಯೂ ಚಾಲಕನ ಎದುರಿಗೆ ದೇವರ ಪಟವಿತ್ತು, ಹೂವಿತ್ತು. ಕೋಳಿಗಳಿಗೆ ಟಿಕೆಟ್ಟು ಕೇಳಲಿಲ್ಲ. ನನಗೆ ಅರ್ಧ ಸಮಾಧಾನವಾಯಿತು.

ಎಲೆನಾಳಿಗೆ ತಂದೆತಾಯಿಗಳಿರಲಿಲ್ಲ. ಅವಳನ್ನು ಬೆಳೆಸಿದವರು ಅಜ್ಜಿ, ದೊನ್ಯಾ ಅಮಾಲಿಯಾ. ‘ದೊನ್ಯಾ’ ಎಂಬುದು ನಮ್ಮ ‘ಅಮ್ಮನವರು’ ಇದ್ದಂತೆ. ಎಪ್ಪತ್ತು ದಾಟಿದ, ಕಡ್ಡಿಯಂತೆ ನೆಟ್ಟಗಿದ್ದ ವಿಧವೆ. ಮೈತುಂಬ ಬಿಳಿಯ ಬಟ್ಟೆ, ಕೈಯಲ್ಲಿ ಬೀಸಣಿಗೆ. ಬಾಗಿಲಿನಲ್ಲಿ ನನ್ನನ್ನು ಕಂಡೊಡನೆ ಆಕೆ ಎರಡೂ ಕೈಗಳನ್ನು ಚಾಚಿ, ಕೆನ್ನೆಯನ್ನು ಓರೆಮಾಡಿಕೊಂಡು ಮುಂದೆ ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿ, ಕೈಮುಗಿದೆ. ಆಕೆ ತಮ್ಮ ಚಾಚಿದ ಕೈಗಳನ್ನು ತಾವೇ ಒಮ್ಮೆ ನೋಡಿಕೊಂಡು ಕೆಳಗಿಳಿಸಿದರು.

ಊಟಕ್ಕೆ ಕರೆದರು. ಯಾವ ಪಾತ್ರೆಯಲ್ಲಿ ಮಾಂಸವಿದೆ, ಯಾವುದರಲ್ಲಿ ಇಲ್ಲ ಎಂದು ತಿಳಿಯದೆ, ಆ ದಿನದ ಮಟ್ಟಿಗೆ ಹುರಿಹಿಟ್ಟನ್ನು ಕಲಸಿಕೊಂಡು ತಿಂದೆ. ಸಭ್ಯವಾಗಿಯೇ ನಡೆದುಕೊಂಡೆನೆಂಬ ತೃಪ್ತಿಯಿಂದ ಮಲಗಿದೆ.

ಬೆಳಿಗ್ಗೆ ಪುಟ್ಟರಾಜು ಅಂಗಳದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ.

“ಅಣ್ಣಯ್ಯ, ಅಜ್ಜಿ ಒಪ್ತಾ ಇಲ್ಲ.”

“ನಾನೇ ಇನ್ನೂ ಒಪ್ಪಿಲ್ವಲ್ಲೋ. ಗಂಡಿನ ಕಡೆಯೋರು ನಾವು.”

“ಇಲ್ಲಿ ಹಂಗೆಲ್ಲ ಇಲ್ಲ. ನೀನು ಅವರ ಕೈ ಮುಟ್ಲಿಲ್ಲ, ಅನ್ನ ಮುಟ್ಲಿಲ್ಲ. ಈ ಮನುಷ್ಯನ ಮನೇಲಿ ನನ್ನ ಮೊಮ್ಮಗಳನ್ನ ಮೂಲೇಲಿ ಇಡ್ತಾರೆ ಅಂತಾವ್ರೆ.”

“ಮುಟ್ಟದೇ ಇರೋದು ಮರ್ಯಾದೆ ಅಂತ ಹೇಳ್ಬೇಕಾಗಿತ್ತು.”

“ಹೇಳ್ದೆ. ನಮ್ಮ ಮರ್ಯಾದೆ ಬೇರೆ ಥರ ಅಂದ್ರು. ನೀನು ವಾಪಸ್ ಹೋಗೋ ಮುಂಚಿನ ಭಾನುವಾರ, ಊರ ಚೌಕದಲ್ಲಿ ಅವರ ಜೊತೆ ಒಂದು ದಾನ್ಸೋನ್ ಆಡ್ಬೇಕಂತೆ. ಆಮೇಲೆ ಮಾತು.”

“ಏನು ಹಾಗಂದ್ರೆ?”

“ಕುಣಿಯೋದು, ಅಣ್ಣಯ್ಯ.”

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹುಡುಗಿಯನ್ನು ನಡೆಸಿ ನೋಡುವುದುಂಟು, ಒಂದು ದೇವರನಾಮ ಹಾಡಿಸಿ ಕೇಳುವುದುಂಟು. ಇಲ್ಲಿ ಹುಡುಗಿ ಮೊಗಸಾಲೆಯ ಕುರ್ಚಿಯಲ್ಲಿ ಆರಾಮವಾಗಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ತಾಳಕ್ಕೆ ಸರಿಯಾಗಿ ನಡೆದು ತೋರಿಸಬೇಕಾದವನು ನಾನಾಗಿದ್ದೆ.

ಚೌಕ: ಕುಣಿಯದೆ ನಿಂತವರು

ಆ ವಾರವೇ ಒಂದು ಸಂಜೆ ನನಗೆ ಅದನ್ನು ತೋರಿಸಲು ಕರೆದೊಯ್ದರು. ಊರ ನಡುವೆ ತೆಂಗಿನ ಮರಗಳಿರುವ ಚೌಕ, ಒಂದು ಪಕ್ಕದಲ್ಲಿ ಇಗರ್ಜಿ, ಇನ್ನೊಂದು ಪಕ್ಕದಲ್ಲಿ ಕಮಾನುಗಳ ಸಾಲು. ಜಗಲಿಯ ಮೇಲೆ ವಾದ್ಯದವರು: ಕ್ಲಾರಿನೆಟ್ಟು, ತುತ್ತೂರಿ, ಎರಡು ತಾಮ್ರದ ಭೇರಿ, ಮತ್ತು ಗೀರು ಕೊರೆದ ಸೋರೆಬುರುಡೆಯನ್ನು ಕಡ್ಡಿಯಿಂದ ಉಜ್ಜುವ ಒಬ್ಬ. ಕುಣಿಯಲು ಬಂದವರು ಯೌವನಸ್ಥರಿರಬಹುದೆಂದು ಎಣಿಸಿದ್ದೆ. ಬಂದಿದ್ದವರು ನಮ್ಮಲ್ಲಾದರೆ ಪುರಾಣಶ್ರವಣಕ್ಕೆ ಬರುವ ವಯಸ್ಸಿನವರು. ಗಂಡಸರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟಿದ್ದರು. ಹೆಂಗಸರು ಬೀಸಣಿಗೆ ಹಿಡಿದಿದ್ದರು.

ವಾದ್ಯ ಮೊದಲಾಯಿತು. ಜೋಡಿಗಳು ಕೈ ಹಿಡಿದುಕೊಂಡು ನಡುವೆ ಬಂದು ನಿಂತವು. ನಿಂತೇ ಇದ್ದವು. ಬೀಸಣಿಗೆ ಬೀಸಿಕೊಂಡರು, ಪಕ್ಕದವರನ್ನು ಮಾತನಾಡಿಸಿದರು. ಸಂಗೀತ ಸಾಗುತ್ತಿದೆ, ಯಾರೂ ಕದಲುತ್ತಿಲ್ಲ. ವಾದ್ಯದವರಿಗೆ ಇದು ಅವಮಾನವಲ್ಲವೇ ಎಂದು ನಾನು ಯೋಚಿಸುತ್ತಿರುವಷ್ಟರಲ್ಲಿ, ರಾಗವು ತಿರುಗಿದ ಒಂದು ಕ್ಷಣದಲ್ಲಿ, ಯಾರೂ ಹೇಳದೆಯೇ ಎಲ್ಲರೂ ಒಟ್ಟಿಗೆ ಹೆಜ್ಜೆ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಮೊದಲಿನ ರಾಗವೇ ಮರಳಿ ಬಂತು. ಎಲ್ಲರೂ ಮರಳಿ ನಿಂತರು. ಮುಗಿಯಿತೆಂದು ತಿಳಿದು ನಾನು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಇಡೀ ಚೌಕದಲ್ಲಿ ಅದೊಂದೇ ಚಪ್ಪಾಳೆ.

ದೊನ್ಯಾ ಅಮಾಲಿಯಾ ಬೀಸಣಿಗೆಯ ಮರೆಯಲ್ಲಿ ಏನನ್ನೋ ಹೇಳಿದರು. ಎಲೆನಾ ತನಗೆ ಬರುವ ಇಂಗ್ಲಿಷಿನಲ್ಲಿ ನನಗೆ ತಿಳಿಸಿದಳು: “ಇವರು ಅವಸರದ ಮನುಷ್ಯರು ಎನ್ನುತ್ತಿದ್ದಾರೆ, ಅಜ್ಜಿ.”

ದಾನ್ಸೋನಿನ ನಿಯಮವನ್ನು ಅವಳು ಅಲ್ಲಿಯೇ ವಿವರಿಸಿದಳು. ಅದರಲ್ಲಿ ಒಂದು ಪಲ್ಲವಿಯಿದೆ. ಪಲ್ಲವಿ ಬಂದಾಗಲೆಲ್ಲ ಕುಣಿಯಬಾರದು. ನಿಲ್ಲಬೇಕು, ದಣಿವಾರಿಸಿಕೊಳ್ಳಬೇಕು, ಮಾತನಾಡಬೇಕು. ಪಲ್ಲವಿ ಮುಗಿಯುವುದನ್ನು ಕೇಳಿಸಿಕೊಂಡು, ಮುಂದಿನ ಚರಣಕ್ಕೆ ಮಾತ್ರ ಕುಣಿಯಬೇಕು. ನಿಲ್ಲಬೇಕಾದಲ್ಲಿ ಹೆಜ್ಜೆಯಿಟ್ಟವನನ್ನು ಕಂಡರೆ ವೆರಾಕ್ರೂಸಿನವರು ಮುಖ ತಿರುಗಿಸುತ್ತಾರೆ. ಅವರಿಗೆ ಮಾತನಾಡುವುದೂ ಕುಣಿತದ ಭಾಗವೇ.

ನನಗೆ ಇದು ಹಿಡಿಸಿತು. ಯಾವ ಕಲೆಯಲ್ಲಿ ಮಾಡಬಾರದ್ದರ ಬಗೆಗೆ ನಿಯಮವಿದೆಯೋ ಅದು ಗಂಭೀರವಾದ ಕಲೆ ಎಂಬುದು ನನ್ನ ಅಭಿಪ್ರಾಯ.

ಕಾಫಿಯಂಗಡಿ: ಹಾಲು

ಹೆಜ್ಜೆಗಿಂತ ಮೊದಲು ಲಯವನ್ನು ಅರಿಯಬೇಕೆಂದು ನಿಶ್ಚಯಿಸಿದೆ. ವ್ಯಾಕರಣ ತಿಳಿಯದೆ ಭಾಷೆಗೆ ಕೈಹಾಕಿದವನಲ್ಲ ನಾನು. ಎಲೆನಾ ಭೇರಿಯ ಪೆಟ್ಟುಗಳನ್ನು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದಳು. ಉದ್ದ, ಗಿಡ್ಡ, ಉದ್ದ, ಗಿಡ್ಡ, ಉದ್ದ. ಅನಂತರ ನಾಲ್ಕು ಸಮನಾದ ಪೆಟ್ಟು. ಮತ್ತೆ ಮೊದಲಿನಿಂದ.

ಛಂದಸ್ಸನ್ನು ಕಲಿಸಿದವನಿಗೆ ಇದು ತೊಡಕಲ್ಲ. ಗುರು, ಲಘು, ಗುರು, ಲಘು, ಗುರು: ಎಂಟು ಮಾತ್ರೆ. ನಾಲ್ಕು ಗುರು: ಮತ್ತೆ ಎಂಟು. ಮೊದಲ ಸಾಲು ಕುಂಟುತ್ತದೆ, ಎರಡನೆಯ ಸಾಲು ನೆಟ್ಟಗೆ ನಡೆದು ಅದನ್ನು ಎತ್ತಿಕೊಳ್ಳುತ್ತದೆ. ಪ್ರಸ್ತಾರ ಹಾಕಿ ತಮ್ಮನಿಗೆ ತೋರಿಸಿದೆ. “ಅಣ್ಣಯ್ಯ, ಈ ಊರಲ್ಲಿ ಇದನ್ನ ಹಿಂಗೆ ಬರೆದೋನು ನೀನೇ ಮೊದಲ್ನೆಯೋನು” ಎಂದ. ಹೊಗಳಿಕೆಯೋ ಗೇಲಿಯೋ ತಿಳಿಯಲಿಲ್ಲ, ಹೊಗಳಿಕೆಯೆಂದೇ ಇಟ್ಟುಕೊಂಡೆ.

ಮರುದಿನ ಒಬ್ಬನೇ ಕಮಾನುಗಳ ಕೆಳಗಿನ ಕಾಫಿಯಂಗಡಿಯಲ್ಲಿ ಕುಳಿತು, ಗಾಜಿನ ಲೋಟದ ಅಂಚಿನ ಮೇಲೆ ಚಮಚದಿಂದ ಆ ಎರಡು ಸಾಲುಗಳನ್ನು ಅಭ್ಯಾಸ ಮಾಡತೊಡಗಿದೆ. ಮೊದಲ ಸಾಲು ಮುಗಿಯುವುದರೊಳಗೆ ಒಬ್ಬ ಪರಿಚಾರಕ ಉದ್ದ ಮೂತಿಯ ಕೆಟಲನ್ನು ತಂದು, ಮೇಲಿನಿಂದ ಧಾರೆ ಹಿಡಿದು, ನನ್ನ ಕಾಫಿಗೆ ಬಿಸಿ ಹಾಲು ಸುರಿದ. ಕೇಳದೆಯೇ ಕೊಟ್ಟನಲ್ಲಾ ಎಂದು ತಲೆಬಾಗಿ ವಂದಿಸಿದೆ. ಅಭ್ಯಾಸ ಮುಂದುವರಿಸಿದೆ. ಅವನು ಮರಳಿ ಬಂದು ಮತ್ತೆ ಸುರಿದ. ಅತಿಥಿಸತ್ಕಾರವನ್ನು ನಿರಾಕರಿಸಬಾರದೆಂದು ಕುಡಿದು ಜಾಗ ಮಾಡಿದೆ. ಮೂರನೆಯ ಸಲ ಹಾಲು ಲೋಟದಿಂದ ಮೇಜಿಗೆ, ಮೇಜಿನಿಂದ ನನ್ನ ಪಂಚೆಗೆ ಇಳಿಯಿತು. ಪಕ್ಕದ ಮೇಜಿನ ಮುದುಕನೊಬ್ಬ ಎದ್ದು ಬಂದು ನನ್ನ ಕೈಯಿಂದ ಚಮಚವನ್ನು ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟ.

ಆ ಊರಿನಲ್ಲಿ ಲೋಟಕ್ಕೆ ಚಮಚ ಬಡಿದರೆ ಹಾಲು ಬೇಕೆಂದು ಅರ್ಥವಂತೆ. ನಮ್ಮ ಕಡೆ ಹೋಟೆಲಿನಲ್ಲಿ ಹಾಗೆ ಬಡಿದವನನ್ನು ಅಹಂಕಾರಿಯೆನ್ನುತ್ತಾರೆ. ಇಲ್ಲಿ ಬಡಿಯದವನು ಕರಿಯ ಕಾಫಿಯನ್ನೇ ಕುಡಿದು ಹೋಗಬೇಕು.

ಅಂಗಳ: ಕುರ್ಚಿ

ಪರಸ್ತ್ರೀಯ ಸೊಂಟದ ಮೇಲೆ ಕೈಯಿಡದೆಯೇ ಕಲಿಯುವ ಮಾರ್ಗವಿದೆಯೇ ಎಂದು ಕೇಳಿದ್ದಕ್ಕೆ ಪುಟ್ಟರಾಜು ಒಂದು ಬೆತ್ತದ ಕುರ್ಚಿಯನ್ನು ತಂದುಕೊಟ್ಟ. ಅದರ ಬೆನ್ನನ್ನು ಹಿಡಿದುಕೊಂಡು ಅಂಗಳದ ಕಲ್ಲುಹಾಸಿನ ಮೇಲೆ ಚೌಕಾಕಾರವಾಗಿ ಹೆಜ್ಜೆಯಿಡಬೇಕು. ನಿಪುಣರಾದವರು ಒಂದೇ ಇಟ್ಟಿಗೆಯ ಮೇಲೆ ಇಡೀ ದಾನ್ಸೋನನ್ನು ಕುಣಿಯುತ್ತಾರಂತೆ. ನನಗೆ ಅಂಗಳ ಸಾಲದಾಯಿತು.

ಲಯ ಬಾಯಿಗೆ ಬಂದಿತ್ತು, ಕಾಲಿಗೆ ಬಂದಿರಲಿಲ್ಲ. ಕಾರಣ ಬೇಗ ಗೊತ್ತಾಯಿತು. ನಮ್ಮ ಸಂಗೀತದಲ್ಲಿ ಸಮಕ್ಕೆ, ಎಂದರೆ ಮೊದಲ ಪೆಟ್ಟಿಗೆ, ಕೈ ಬೀಳಬೇಕು. ಅಲ್ಲಿ ತಪ್ಪಿದರೆ ಎಲ್ಲವೂ ತಪ್ಪಿತು. ಭಜನೆಯಲ್ಲಿ ತಾಳ ಹಾಕಿ ಬೆಳೆದ ನನ್ನ ಕಾಲು ಮೊದಲ ಪೆಟ್ಟಿಗೇ ಬೀಳುತ್ತಿತ್ತು. ದೊನ್ಯಾ ಅಮಾಲಿಯಾರ ಮನೆತನದವರು ಕುಣಿಯುವ ರೀತಿಯಲ್ಲಿ ಮೊದಲ ಪೆಟ್ಟಿಗೆ ಕಾಲನ್ನು ಎತ್ತಲೇಬಾರದು. ಅದನ್ನು ಹೋಗಲು ಬಿಟ್ಟು, ಎರಡನೆಯದಕ್ಕೆ ಹೆಜ್ಜೆಯಿಡಬೇಕು.

“ಮೊದಲನೆಯದು ವಾದ್ಯದವರದು. ಅದು ನಿಮ್ಮದಲ್ಲ” ಎಂದಳು ಎಲೆನಾ.

“ಅದು ಯಾರದೆಂದು ಶಾಸ್ತ್ರದಲ್ಲಿ ಹೇಳಿದೆ?”

ಅವಳು ಪುಟ್ಟರಾಜುವನ್ನು ನೋಡಿದಳು. ಅವನು ಕನ್ನಡದಲ್ಲಿ, “ಅಣ್ಣಯ್ಯ, ಶಾಲೆ ಗಂಟೆ ಹೊಡೆಯೋ ಮೊದಲೇ ಹೋಗಿ ಗೇಟಲ್ಲಿ ನಿಲ್ತಿದ್ದೋನು ನೀನು. ಇಲ್ಲಿ ಗಂಟೆ ಹೊಡೆದ್ಮೇಲೆ ಹೊರಡು, ಅಷ್ಟೇ” ಎಂದ.

ಒಂದು ವಾರ ಕಳೆದರೂ ಆಗಲಿಲ್ಲ. ದೊನ್ಯಾ ಅಮಾಲಿಯಾ ಕಿಟಕಿಯಲ್ಲಿ ಕುಳಿತು ನನ್ನನ್ನೂ ಕುರ್ಚಿಯನ್ನೂ ನೋಡುತ್ತಿದ್ದರು. ಒಮ್ಮೆ ಏನನ್ನೋ ಹೇಳಿ ಒಳಗೆ ಹೋದರು. ಕುರ್ಚಿಯೇ ಚೆನ್ನಾಗಿ ಕುಣಿಯುತ್ತಿದೆ ಎಂದರಂತೆ.

ಕೊನೆಗೆ ನನಗೆ ದಾರಿ ತೋರಿಸಿದ್ದು ವಿಜಯಪುರದ ಸರ್ಕಾರಿ ಬಸ್ಸು. ನಿಂತು ಪ್ರಯಾಣ ಮಾಡಿದವರಿಗೆಲ್ಲ ಗೊತ್ತು: ಬಸ್ಸು ಹೊರಡುವಾಗ ಮೊದಲು ಒಮ್ಮೆ ಎಳೆಯುತ್ತದೆ. ಆ ಎಳೆತದ ಜೊತೆಗೇ ಕಾಲು ಬದಲಿಸಿದವನು ಹಿಂದಿನವನ ಮೇಲೆ ಬೀಳುತ್ತಾನೆ. ಮೈಯನ್ನು ಸಡಿಲ ಬಿಟ್ಟು, ಎಳೆತ ಮುಗಿದ ಮೇಲೆ ಕಾಲು ಬದಲಿಸಿದವನು ದೇವನಹಳ್ಳಿಯವರೆಗೂ ನೆಟ್ಟಗೆ ನಿಂತು ಹೋಗುತ್ತಾನೆ. ಬಸ್ಸಿನಲ್ಲಿ ಇದನ್ನು ಇಷ್ಟು ವರ್ಷ ಮಾಡಿದ್ದೇನೆ; ಎಣಿಸಿ ಮಾಡಿದವನಲ್ಲ. ಕಣ್ಣು ಮುಚ್ಚಿ ಮೊದಲ ಪೆಟ್ಟನ್ನು ಬಸ್ಸಿನ ಎಳೆತವೆಂದು ಭಾವಿಸಿದೆ. ಕಾಲು ತಾನಾಗಿ ಎರಡನೆಯದಕ್ಕೆ ಬಿತ್ತು. ಎಲೆನಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಇಷ್ಟು ಹೊತ್ತಿಗೆ ಹುಡುಗಿಯ ವಿಷಯದಲ್ಲಿ ನನ್ನ ಮನಸ್ಸು ನಿರ್ಧಾರಕ್ಕೆ ಬಂದಿತ್ತೆಂಬುದನ್ನು ಇಲ್ಲಿ ಹೇಳಬೇಕು. ಅವಳು ನನ್ನ ತಪ್ಪನ್ನು ಎಷ್ಟು ಸಲ ತಿದ್ದಿದರೂ ಅದೇ ದನಿಯಲ್ಲಿ ತಿದ್ದುತ್ತಿದ್ದಳು. ಅದು ಎಷ್ಟು ಕಷ್ಟವೆಂದು ಉಪಾಧ್ಯಾಯನಾಗಿದ್ದವನಿಗೆ ಗೊತ್ತು. ನಾನು ಒಪ್ಪಿದ್ದೆ. ಒಪ್ಪಬೇಕಾಗಿದ್ದವರು ಕಿಟಕಿಯಲ್ಲಿ ಕುಳಿತಿದ್ದರು.

ಚೌಕ: ಭಾನುವಾರ

ತಮ್ಮನ ಬಿಳಿಯ ಅಂಗಿ ತೊಟ್ಟು, ಷರಾಯಿ ಹಾಕಿಕೊಂಡು ಹೋದೆ. ದೊನ್ಯಾ ಅಮಾಲಿಯಾ ತೋಳನ್ನು ಚಾಚಿದರು. ಈ ಸಲ ಹಿಂದೆ ಸರಿಯಲಿಲ್ಲ. ನಮ್ಮ ಪಕ್ಕದಲ್ಲಿಯೇ ಪುಟ್ಟರಾಜು ಮತ್ತು ಎಲೆನಾ ನಿಂತರು. ಪಲ್ಲವಿಯಲ್ಲಿ ಮಾತಾಗಬೇಕಾದರೆ ದುಭಾಷಿ ಬೇಕಷ್ಟೆ.

ಮೊದಲ ಪಲ್ಲವಿ ಹಿಡಿದೊಡನೆ ಆಕೆ ಪ್ರಶ್ನೆ ಕೇಳಿದರು: ನಿಮ್ಮ ತಾಯಿಗೆ ಕುಣಿಯಲು ಬರುತ್ತದೆಯೇ?

“ಬರಲ್ಲ ಅನ್ನು. ಸೋಬಾನೆ ಹಾಡ್ತಾರೆ ಅನ್ನು.”

ಆಕೆ ತಲೆಯಾಡಿಸಿದರು. ರಾಗ ತಿರುಗಿತು. ಮೊದಲ ಪೆಟ್ಟನ್ನು ಹೋಗಗೊಟ್ಟು ಎರಡನೆಯದಕ್ಕೆ ಹೆಜ್ಜೆಯಿಟ್ಟೆ. ಆಕೆಯ ಹುಬ್ಬು ಸ್ವಲ್ಪ ಮೇಲೇರಿದ್ದನ್ನು ಕಂಡೆ. ಒಂದು ಸುತ್ತು ಸರಿಯಾಗಿ ನಡೆಯಿತು. ಎರಡನೆಯ ಸುತ್ತಿನ ತಿರುವಿನಲ್ಲಿ, ಕುರ್ಚಿಗೆ ಇಲ್ಲದ ಪಾದವೊಂದು ಇಲ್ಲಿತ್ತೆಂಬುದನ್ನು ಮರೆತು, ಆಕೆಯ ಬಲಗಾಲಿನ ಮೇಲೆ ನನ್ನ ಕಾಲನ್ನು ಪೂರ್ತಿಯಾಗಿ ಇಟ್ಟೆ.

ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಹಿರಿಯರಿಗೆ ಕಾಲು ತಗುಲಿದರೆ ನಮ್ಮಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಕೈಬಿಟ್ಟು, ಬಗ್ಗಿ, ಆಕೆಯ ಪಾದವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಂದಿನಿಂದ ಬರುತ್ತಿದ್ದ ಜೋಡಿ ನನ್ನ ಬೆನ್ನಿಗೆ ತಾಗಿತು, ಅವರಿಗೆ ಮತ್ತೊಂದು ಜೋಡಿ ತಾಗಿತು. ನಾನು ಅಂಗಿಯ ಗುಂಡಿ ಕಳೆದುಕೊಂಡಿದ್ದೇನೆಂದು ತಿಳಿದ ದಪ್ಪನೆಯ ಗೃಹಸ್ಥನೊಬ್ಬ ತಾನೂ ಬಗ್ಗಿ ಹುಡುಕತೊಡಗಿದ. ದೊನ್ಯಾ ಅಮಾಲಿಯಾ ನನ್ನ ಭುಜ ಹಿಡಿದು ಮೇಲೆತ್ತಿ, ಮುಂದಿನ ಸಾಲು ಬರುವವರೆಗೆ ಅಲುಗದಂತೆ ಹಿಡಿದುಕೊಂಡು, ಮತ್ತೆ ಸೇರಿಸಿಕೊಂಡರು.

ಎರಡನೆಯ ಪಲ್ಲವಿ. ಅದೇನೆಂದು ಕೇಳಿದರು. ಪುಟ್ಟರಾಜು ವಿವರಿಸಿದ. ಯಾರಿಗೆಲ್ಲ ಹಾಗೆ ಮಾಡುತ್ತೀರಿ ಎಂದರು.

“ಕಾಲು ತಗುಲಿದ್ರೆ ಯಾರಿಗಾದ್ರೂ ಮಾಡ್ತೀವಿ. ಮಗುವಿಗೂ ಮಾಡ್ತೀವಿ, ಪುಸ್ತಕಕ್ಕೂ ಮಾಡ್ತೀವಿ ಅನ್ನು.”

ಆಕೆ ಬೀಸಣಿಗೆಯನ್ನು ಮಡಿಸಿದರು. ಹಾಗಾದರೆ ನನ್ನ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನನ್ನ ಕೈಯನ್ನೇಕೆ ಮುಟ್ಟಲಿಲ್ಲ ಎಂದರು. ನಾನು ಬಾಯಿ ತೆರೆದೆ. ರಾಗ ತಿರುಗಿ ನನ್ನನ್ನು ಉಳಿಸಿತು.

ಮೂರನೆಯ ಪಲ್ಲವಿಯಲ್ಲಿ ಆಕೆ ತುಸು ದೀರ್ಘವಾಗಿಯೇ ಮಾತನಾಡಿದರು. ಎಲೆನಾ ನೆಲ ನೋಡಿದಳು. ಪುಟ್ಟರಾಜು, “ಅವ್ವನ ಆರೋಗ್ಯ ಹೆಂಗಿದೆ ಅಂತ ಕೇಳ್ತಾವ್ರೆ” ಎಂದ.

“ಅಷ್ಟುದ್ದ ಮಾತಿಗೆ ಇಷ್ಟೇನೇನೋ? ಪೂರ್ತಿ ಹೇಳು.”

ಅವನು ಎಲೆನಾಳತ್ತ ನೋಡಿ ಹೇಳಿದ: “ನನ್ನ ಮೊಮ್ಮಗಳು ಬೇಯಿಸಿದ್ದನ್ನ ನಿಮ್ಮ ತಾಯಿ ತಿಂತಾರಾ? ನೀವು ಹೇಳಿದ್ದನ್ನ ನಾನು ನಂಬ್ತೀನಿ. ತಿಂತಾರೆ ಅಂದ್ರೆ ಇವತ್ತೇ ಮಾತು ಕೊಡ್ತೀನಿ ಅಂತಾವ್ರೆ.” ಮತ್ತೆ ಕೆಳದನಿಯಲ್ಲಿ, “ಹ್ಞೂಂ ಅನ್ನು ಅಣ್ಣಯ್ಯ. ಆಮೇಲೆ ನೋಡ್ಕೊಳ್ಳೋಣ” ಎಂದ.

ಅವ್ವ ನೆಂಟರ ಮನೆಯಲ್ಲಿಯೇ ನೀರು ಮುಟ್ಟುವವಳಲ್ಲ. ಮದುವೆಗೆ ಹೋದರೆ ತನ್ನ ಬುತ್ತಿ ತಾನು ಕಟ್ಟಿಕೊಂಡು ಹೋಗುವವಳು. ಪಲ್ಲವಿ ಮುಗಿಯುತ್ತಾ ಬಂದಿತ್ತು. ಒಂದು ಅಕ್ಷರದಿಂದ ತಮ್ಮನ ಮದುವೆ ನಿಶ್ಚಯವಾಗುತ್ತಿತ್ತು. ಆದರೆ ಆಕೆ ನಂಬುತ್ತೇನೆ ಎಂದಿದ್ದರು. ಆ ಹುಡುಗಿ ನಾಳೆ ಬಂದು ಕುಂದಾಣದ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಬೇಕಾದವಳು.

“ನಾನು ತಿಂತೀನಿ, ನನ್ನ ಹೆಂಡ್ತಿ ತಿಂತಾಳೆ. ಅವ್ವ ತಿನ್ನಲ್ಲ ಅಂತ ಹೇಳು.”

“ಹಿಂಗೇ ಹೇಳ್ಬೇಕಾ?”

“ಹಿಂಗೇ ಹೇಳು.”

ಅವನು ಹೇಳಿದ. ಭೇರಿ ಬಡಿಯಿತು. ಕೊನೆಯ ಚರಣ ವೇಗವಾದದ್ದು, ಅದರಲ್ಲಿ ಮಾತಿಗೆ ಎಡೆಯಿಲ್ಲ. ನಾನು ಅದನ್ನು ಆದಿಯಿಂದ ಅಂತ್ಯದವರೆಗೆ ಒಂದೂ ತಪ್ಪಿಲ್ಲದೆ ಕುಣಿದೆ. ಸಂತೋಷವೇನೂ ಆಗಲಿಲ್ಲ. ಮುಗಿದ ಮೇಲೆ ದೊನ್ಯಾ ಅಮಾಲಿಯಾ ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟು, ಚೆನ್ನಾಗಿ ಕುಣಿದಿರಿ, ನಿಜ ಹೇಳಿದಿರಿ, ಆದರೆ ನಿಮ್ಮ ತಾಯಿ ತಿನ್ನದ ಮನೆಗೆ ಮೊಮ್ಮಗಳನ್ನು ಕಳುಹಿಸಲಾರೆ ಎಂದರು.

ಮೆಕ್ಸಿಕೋ ನಗರಕ್ಕೆ ಬಸ್ಸು ಬೆಟ್ಟ ಹತ್ತುವಷ್ಟು ಹೊತ್ತೂ ಪುಟ್ಟರಾಜು ಕಿಟಕಿಯ ಹೊರಗೆ ನೋಡುತ್ತಿದ್ದ. ವಿಮಾನ ನಿಲ್ದಾಣದಲ್ಲಿ ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಕುಂದಾಣ

ಊರಿಗೆ ಬಂದ ಮೇಲೆ ವಿಜಯಪುರದಲ್ಲಿ ಸುದ್ದಿ ಹರಡಿತು. ನೂಲು ಕೊಳ್ಳಲು ಬಂದವರು, “ಏನ್ ಮೇಷ್ಟ್ರೇ, ಒಂದು ಹೆಜ್ಜೆ ಹಾಕಿ ತೋರ್ಸಿ, ಆಮೇಲೆ ರೇಟು ಮಾತಾಡೋಣ” ಎನ್ನತೊಡಗಿದರು. ಜಯಮ್ಮ, ಆ ಮುದುಕಿಯ ಕೈಯನ್ನು ಹೇಗೆ ಹಿಡಿದಿರಿ ಎಂದು ಕೇಳಿ, ತೋರಿಸಹೋದರೆ “ಸಾಕು ಬಿಡಿ, ಯಂತ್ರದ ಹುಡುಗೀರು ನೋಡ್ತಾವ್ರೆ” ಎಂದಳು.

ಕುಂದಾಣಕ್ಕೆ ಹೋಗಿ ಅವ್ವನಿಗೆ ನಡೆದದ್ದೆಲ್ಲವನ್ನೂ ಕ್ರಮವಾಗಿ ಹೇಳಿದೆ. ಮೂರನೆಯ ಪಲ್ಲವಿಯ ಪ್ರಶ್ನೆಯವರೆಗೂ ಅವ್ವ ನಗುತ್ತಾ ಕೇಳುತ್ತಿದ್ದಳು.

“ಅದಕ್ಕೆ ನೀನೇನಂದೆ?”

“ನೀನು ತಿನ್ನಲ್ಲ ಅಂದೆ.”

“ಯಾರ್ ಕೇಳಿ ಅಂದೆ?”

“ನೀನು ಯಾರ ಮನೇಲೂ ನೀರು ಸಹ ಮುಟ್ಟಲ್ವಲ್ಲವ್ವ. ಸುಳ್ಳು ಹೇಳ್ಲಾ?”

“ಅದು ಬೇರೆಯೋರ ಮನೇಲಿ ಕಣೋ. ಆ ಹುಡುಗಿ ನಮ್ಮನೇಗೆ ಬಂದು, ನಮ್ಮ ಒಲೇಲಿ, ನಮ್ಮ ರಾಗೀಲಿ ಬೇಯ್ಸಿದ್ರೆ ಅದು ಯಾರ್ ಮನೆ ಅನ್ನ?”

ಅವ್ವನ ನಡತೆಯನ್ನು ನಲವತ್ತಾರು ವರ್ಷ ನೋಡಿದ್ದೆ. ಅದರ ಕಾರಣವನ್ನು ಒಮ್ಮೆಯೂ ಕೇಳಿರಲಿಲ್ಲ.

“ಅಷ್ಟು ದೂರ ಹೋಗಿ ನನ್ ಬಾಯಿ ಬದ್ಲು ನೀನು ಬಾಯಿ ಹಾಕಿ ಬಂದಿದೀಯ. ಬರೆದಾಕು. ಬರ್ಲಿ, ಬೇಯ್ಸಿ ಇಕ್ಕಲಿ. ತಿಂತೀನೋ ಬಿಡ್ತೀನೋ ಬಂದು ನೋಡ್ಲಿ. ಆಯಮ್ಮನ್ನೂ ಕರಿ. ಕೈ ಹಿಡ್ಕೊಂಡು ಬೀದೀಲಿ ಕುಣ್ದಿದೀಯ, ಊಟಕ್ಕೆ ಕರೀದಿದ್ರೆ ಏನಂದ್ಕೊಂಡಾರು.”

ಅವ್ವ ಹೇಳಿದ ಮಾತನ್ನು ಒಂದಕ್ಷರವನ್ನೂ ತಿದ್ದದೆ ಬರೆದು ಕಳುಹಿಸಿದೆ. ಎಲೆನಾ ಮಾತ್ರ ಬರಬಹುದೆಂದು ನಾವೆಲ್ಲ ಎಣಿಸಿದ್ದೆವು. ನವೆಂಬರ್ ತಿಂಗಳಲ್ಲಿ ಕುಂದಾಣದ ದಾರಿಯಲ್ಲಿ ಬಾಡಿಗೆಯ ಕಾರಿನಿಂದ ಮೊದಲು ಇಳಿದದ್ದು ಬಿಳಿಯ ಬಟ್ಟೆಯ ದೊನ್ಯಾ ಅಮಾಲಿಯಾ.

ಜಯಮ್ಮ ಎರಡು ದಿನ ಎಲೆನಾಳನ್ನು ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದಳು. ಮೂರನೆಯ ದಿನ ಹುಡುಗಿ ಒಬ್ಬಳೇ ಮುದ್ದೆ ತಿರುವಿ, ಅವರೆಕಾಳಿನ ಸಾರು ಮಾಡಿದಳು. ಪಡಸಾಲೆಯಲ್ಲಿ ಅವ್ವ ಮತ್ತು ಹುಡುಗಿಯ ಅಜ್ಜಿ ಎದುರುಬದುರು ಕುಳಿತರು. ದೊನ್ಯಾ ಅಮಾಲಿಯಾರಿಗೆ ನೆಲದ ಮೇಲೆ ಕೂರಲು ಕಷ್ಟವಾದೀತೆಂದು ಮಣೆ ಹಾಕಿದ್ದೆವು. ಅದನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆಯೇ ಕುಳಿತರು. ಎಲೆನಾ ಬಡಿಸಿದಳು. ಪುಟ್ಟರಾಜು ಕಂಬಕ್ಕೆ ಒರಗಿ ನಿಂತಿದ್ದ. ನಾನೂ ನಿಂತೇ ಇದ್ದೆ.

ಅವ್ವ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. “ಹಿಟ್ಟು ಇನ್ನೊಂದು ಗಳಿಗೆ ಬೇಯ್ಬೇಕಾಗಿತ್ತು” ಎಂದಳು. ಎರಡನೆಯ ತುತ್ತನ್ನು ಮುರಿದಳು. ಪುಟ್ಟರಾಜು ಗೋಡೆಯ ಕಡೆಗೆ ತಿರುಗಿಕೊಂಡ.

ದೊನ್ಯಾ ಅಮಾಲಿಯಾ ಅವ್ವ ತಿನ್ನುವುದನ್ನು ಕಣ್ಣಿಟ್ಟು ನೋಡಿದರು. ಆದರೆ ತಮ್ಮ ತಟ್ಟೆಗೆ ಕೈಹಾಕಲಿಲ್ಲ. ಆ ಕಪ್ಪು ಉಂಡೆಯನ್ನು ಒಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. ಅವ್ವ ಊಟ ನಿಲ್ಲಿಸಿ ತಲೆಯೆತ್ತಿದಳು.

“ಯಾಕಂತೋ ಪುಟ್ಟ, ನಮ್ಮನೇದು ತಿನ್ನಲ್ವಂತಾ?”

ಪುಟ್ಟರಾಜು ಒಂದು ಪದವನ್ನೂ ಬಿಡದೆ ಆ ಮಾತನ್ನು ಅವರ ಭಾಷೆಗೆ ತಿರುಗಿಸಿದ. ದೊನ್ಯಾ ಅಮಾಲಿಯಾ ಕೆನ್ನೆ ಕೆಂಪಾಗಿ, ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದರು. ಅದು ಹಲ್ಲಿಗೆ ಅಂಟಿತು.

“ಅಗೀಬಾರ್ದು ಅನ್ನೋ” ಎಂದು ಅವ್ವ ಮುಂದಕ್ಕೆ ಬಾಗಿ, ತಾನೇ ಒಂದು ಸಣ್ಣ ತುತ್ತನ್ನು ಸಾರಿನಲ್ಲಿ ಅದ್ದಿ ಆಕೆಯ ಬಾಯಿಗೆ ಇಟ್ಟಳು. ಆಕೆ ಕಣ್ಣು ಮುಚ್ಚಿ ನುಂಗಿದರು.

ಅಂದು ೧೯೭೨ನೆಯ ಇಸವಿ ನವೆಂಬರ್ ತಿಂಗಳ ಹತ್ತೊಂಬತ್ತನೆಯ ತಾರೀಖು, ಭಾನುವಾರ.